ಗಟ್ಟಿ ಬೇಯುವ ಹೊತ್ತು

ಹಲಸಿನಲ್ಲಿ ಎರಡು ಜಾತಿ. ಬಕ್ಕೆಗೆ ಮನೆಯಲ್ಲಿ ಮರ್ಯಾದೆ ಜಾಸ್ತಿ. ಸೊಳೆ ಬಿಡಿಸಿ ತಟ್ಟೆಯಲ್ಲಿಟ್ಟರೆ ನೆಂಟರೂ ಮೆಚ್ಚುತ್ತಾರೆ. ತುಳುವನಿಗೆ ಆ ಭಾಗ್ಯವಿಲ್ಲ. ಕತ್ತಿಯೂ ಬೇಡ, ಎರಡು ಕೈಯಲ್ಲಿ ಹಿಡಿದು ಹಿಸಿದರೆ ಬಾಯಿ ಬಿಡುತ್ತದೆ. ಸೊಳೆ ಬೆರಳಿಗೆ ಸಿಕ್ಕದೆ ಜಾರುತ್ತದೆ, ಅಗಿಯುವ ಮೊದಲೇ ಗಂಟಲಿಗೆ ಇಳಿಯುತ್ತದೆ. ಮಳೆ ಹಿಡಿದ ಮೇಲೆ ಮರದಡಿ ಬಿದ್ದು, ಒಡೆದು, ನೊಣಗಳ ಪಾಲಾಗುವುದೂ ಇದೇ. ಆದರೆ ದಕ್ಷಿಣ ಕನ್ನಡದ ನಮ್ಮ ಕಡೆ, ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ಗಟ್ಟಿ ಮಾಡುವ ಮಾತು ಬಂತೋ, ಬಕ್ಕೆಯನ್ನು ಕೇಳುವವರಿಲ್ಲ. ಗಟ್ಟಿಗೆ ತುಳುವನೇ ಆಗಬೇಕು.

ಅಜ್ಜಿಯ ಲೆಕ್ಕ ಸರಳ: ಎರಡು ಕುಡ್ತೆ ಬೆಳ್ತಿಗೆ ಅಕ್ಕಿಗೆ ನಾಲ್ಕು ಕುಡ್ತೆ ಸೊಳೆ. ನೆನೆದ ಅಕ್ಕಿಯ ನೀರು ಬಸಿದು, ಸೊಳೆಯ ಜೊತೆ ರುಬ್ಬುವ ಕಲ್ಲಿಗೆ ಹಾಕಿದರೆ ಮುಗಿಯಿತು; ಹಣ್ಣಿನ ರಸವೇ ಸಾಕು, ಬೇರೆ ನೀರು ಸೋಕಬಾರದು. ಸಣ್ಣ ರವೆಯಷ್ಟು ತರಿ ಉಳಿಯಬೇಕು. ಆಮೇಲೆ ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿ. ಬೆಲ್ಲ ಎಷ್ಟೆಂದು ಹೇಳುವವನು ಹಣ್ಣು. ಅಜ್ಜಿ ಹಿಟ್ಟನ್ನು ನಾಲಿಗೆಗೆ ತಾಗಿಸಿ ನೋಡಿ, ಸಿಹಿ ಇದ್ದರೆ ಬೆಲ್ಲದ ಡಬ್ಬಿಯ ಮುಚ್ಚಳವನ್ನೇ ತೆಗೆಯುತ್ತಿರಲಿಲ್ಲ.

ಈ ಲೆಕ್ಕದ ಹಿಂದೆ ರುಚಿಗಿಂತ ಮೊದಲು ಭತ್ತದ ಪತ್ತಾಯವಿತ್ತು. ಆಟಿ ತಿಂಗಳು ಹತ್ತಿರ ಬರುವಾಗ ಮಳೆಗಾಲದ ಏಣೆಲು ಬೆಳೆಯ ನೇಜಿ ಗದ್ದೆಯಲ್ಲಿ ಆಗಷ್ಟೇ ಬೇರೂರುತ್ತಿರುತ್ತದೆ, ಹಳೆಯ ಭತ್ತ ತಳ ಕಂಡಿರುತ್ತದೆ. ಇದ್ದ ಅಕ್ಕಿ ಹೊಸ ಬೆಳೆಯ ತನಕ ಬರಬೇಕು. ಎರಡು ಕುಡ್ತೆಯಲ್ಲಿ ಇಡೀ ಮನೆಯ ಹೊಟ್ಟೆ ತುಂಬಿಸಬೇಕಾದರೆ ಪುಕ್ಕಟೆ ಸಿಗುವ ಹಲಸನ್ನು ಬಿಟ್ಟು ಗತಿಯಿರಲಿಲ್ಲ. ನಮಗೆ ಮಕ್ಕಳಿಗೆ ಇದು ಗೊತ್ತೇ ಇರಲಿಲ್ಲ. ಅಕ್ಕಿ ಕಡಿಮೆಯಾದ ದಿನವೇ ಸಿಹಿ ತಿಂಡಿ ಸಿಗುತ್ತಿದ್ದುದರಿಂದ, ಬಡತನವನ್ನು ಹಬ್ಬವೆಂದೇ ತಿಳಿದು ಬೆಳೆದೆವು.

ಹಲಸಿನದು ಯಾವುದೂ ದಂಡವಾಗುತ್ತಿರಲಿಲ್ಲ. ಬೇಳೆಯನ್ನು ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಜಡಿಮಳೆಯ ಸಂಜೆಗಳಿಗೆ ಜಗಿಯಲು ಅದೇ. ಬೆಳೆದ ಕಾಯಿಯ ಸೊಳೆ ಭರಣಿಯಲ್ಲಿ ಉಪ್ಪಿಗೆ ಬಿದ್ದು ಮಳೆಗಾಲದ ಪಲ್ಯವಾಗಿ ಏಳುತ್ತಿತ್ತು. ಸಿಪ್ಪೆ ಹಟ್ಟಿಗೆ. ಬಳ್ಳಿಯಲ್ಲೇ ಬಲಿತು ಹಳದಿಯಾದ ಮುಳ್ಳುಸೌತೆಗೂ ಮೋಕ್ಷವಿತ್ತು: ತುರಿದು, ಅಕ್ಕಿ ಬೆಲ್ಲ ಸೇರಿಸಿ, ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದರೆ ಸಿಹಿ ಕೊಟ್ಟಿಗೆ.

ನನಗೆ ಇಂದಿಗೂ ಇಷ್ಟದ ಕೆಲಸ ಎಲೆ ಬಾಡಿಸುವುದು. ಸೀಳಿದ ಬಾಳೆಲೆಯನ್ನು ಕೆಂಡದ ಮೇಲೆ, ಈಗ ಗ್ಯಾಸಿನ ಉರಿಯ ಮೇಲೆ, ನಿಧಾನಕ್ಕೆ ಎಳೆಯಬೇಕು. ಬೂದಿ ಬಳಿದಂತಿದ್ದ ಎಲೆಯ ಅಡಿಮೈ ಬಿಸಿ ತಾಗಿದಲ್ಲೆಲ್ಲ ಕಡುಹಸಿರಾಗಿ ಹೊಳೆಯುತ್ತದೆ. ಒಂದು ಕ್ಷಣ ಹೆಚ್ಚಾದರೆ ಕಂದುತ್ತದೆ, ಕಡಿಮೆಯಾದರೆ ಮಡಚುವಾಗ ಟಪ್ಪೆಂದು ಸೀಳುತ್ತದೆ. ಬಾಡಿದ ಎಲೆ ಮಾತ್ರ ಹೇಳಿದ ಹಾಗೆ ಕೇಳುತ್ತದೆ. ಒಂದು ಸೌಟು ಹಿಟ್ಟು ಹಾಕಿ, ಎರಡು ಬದಿ ಮಡಚಿ, ತುದಿಗಳನ್ನು ಕೆಳಗೆ ತಿರುಗಿಸಿಟ್ಟರೆ ದಾರ ಬೇಡ.

ಎಲೆ ಬದಲಾದರೆ ಗಟ್ಟಿಯೂ ಬದಲಾಗುತ್ತದೆ. ಸಾಗುವಾನಿ ಎಲೆಯಲ್ಲಿ ಕಟ್ಟಿದ ಗಟ್ಟಿಯ ಮೈಗೆ ಕೆಂಪು ಹತ್ತುತ್ತದೆ. ಉಪ್ಪಳಿಗೆ ಎಲೆಯ ಅಗಲಕ್ಕೆ ಒಂದೇ ಎಲೆ ಸಾಕು. ನಾಗರಪಂಚಮಿಗೆ ಅರಿಶಿನ ಎಲೆ: ಅಕ್ಕಿ ಹಿಟ್ಟನ್ನು ತೆಳ್ಳಗೆ ಸವರಿ, ಕಾಯಿಬೆಲ್ಲದ ಹೂರಣ ಹರಡಿ, ಉದ್ದಕ್ಕೆ ಮಡಚಿದರಾಯಿತು. ಬೇಯುವಾಗ ಅದರ ಪರಿಮಳ ಅಂಗಳ ದಾಟುತ್ತದೆ. ಎಲೆಯೇ ಪಾತ್ರೆ, ಎಲೆಯೇ ಮಸಾಲೆ, ತಿನ್ನುವಾಗ ಅದೇ ಬಟ್ಟಲು. ಎಣ್ಣೆ ಒಂದು ಹನಿಯೂ ಇಲ್ಲ. ತಿಂದಾದ ಮೇಲೆ ಎಲೆ ಗೊಬ್ಬರದ ಗುಂಡಿಗೆ. ತಿಕ್ಕಲು, ಹಬೆಯಲ್ಲಿ ಬೇಯಿಸುವ ಅಟ್ಟಿನಳಗೆ ಒಂದೇ.

ಆ ಅಟ್ಟಿನಳಗೆ ತಾಮ್ರದ್ದು, ಒಳಗೆ ಕಲಾಯಿ. ತಳದ ನೀರಿಗೆ ಅಜ್ಜಿ ಒಂದು ಹಳೆಯ ಕಾಸು ಹಾಕುತ್ತಿದ್ದರು. ನೀರು ಕುದಿಯುವಷ್ಟು ಹೊತ್ತು ಕಾಸು ಕಟಕಟ ಕುಣಿಯುತ್ತದೆ. ಸದ್ದು ನಿಂತರೆ ನೀರು ಆರಿತೆಂದು ಅರ್ಥ. ಮುಚ್ಚಳ ತೆಗೆದು ನೋಡಿದರೆ ಹಬೆ ಹೋಯಿತು, ಹೋದ ಹಬೆಗೆ ಮತ್ತೆ ಕಟ್ಟಿಗೆ ಉರಿಸಬೇಕು. ಹಾಗಾಗಿ ಕಿವಿಯಲ್ಲೇ ಕಾವಲು. ಮುಕ್ಕಾಲು ಗಂಟೆ ಒಲೆಯ ಬುಡದಲ್ಲಿ ನನ್ನದು ಅದೇ ಉದ್ಯೋಗ.

“ಎಂತ ಮಾಣಿ, ಕಾಸಿನ ಸದ್ದು ಕೇಳ್ತದಾ?”

“ಕೇಳ್ತದೆ ಅಜ್ಜಿ. ಒಂದು ಗಟ್ಟಿ ತೆಗೆದು ನೋಡುವನಾ?”

“ಸದ್ದು ಕೇಳುವುದು ಕಿವಿಗೆ. ಬಾಯಿ ಸುಮ್ಮನೆ ಇರ್ಲಿ.”

ಈಗ ನಮ್ಮಲ್ಲಿ ಇಡ್ಲಿ ಕುಕ್ಕರಿದೆ, ಫೋನಿನಲ್ಲಿ ಗಂಟೆ ಬಾರಿಸುವ ವ್ಯವಸ್ಥೆಯಿದೆ. ಅಕ್ಕಿ ಮುಗಿಯುವ ಭಯವಿಲ್ಲ. ಈಗ ಪೇಟೆಯಲ್ಲಿ ದುಡ್ಡು ಕೊಡಬೇಕಾದ್ದು ಬಾಳೆಲೆಗೆ. ಪುಕ್ಕಟೆಯದನ್ನು ಕ್ರಯ ಕೊಟ್ಟು ತಂದು ಉಳಿತಾಯದ ತಿಂಡಿ ಮಾಡುವ ನನ್ನನ್ನು ಕಂಡಿದ್ದರೆ ಅಜ್ಜಿ ನಗುತ್ತಿದ್ದರು. ಆದರೂ ಮಾಡುತ್ತೇನೆ. ಯಾರಿಗೂ ಬೇಡವಾದ ಹಣ್ಣು ಎಲೆಯೊಳಗೆ ಹದವಾಗಿ ಬೆಂದು ಬರುವುದರಲ್ಲಿ ಒಂದು ಗೆಲುವಿದೆ. ಅದು ಬಕ್ಕೆ ತಿಂದವರಿಗೆ ತಿಳಿಯುವಂಥದ್ದಲ್ಲ.

ಬಿಸಿ ಗಟ್ಟಿಗೆ ತುಪ್ಪ ಒಳ್ಳೆಯದೇ. ಆದರೆ ಬಲ್ಲವರು ಕಾಯುವುದು ಮರುದಿನಕ್ಕೆ. ರಾತ್ರಿ ಕಳೆದು ಬಿಗಿಯಾದ ಗಟ್ಟಿಯನ್ನು ಬಿಲ್ಲೆಯಾಗಿ ಕೊಯ್ದು, ಕಾವಲಿಯಲ್ಲಿ ತುಪ್ಪ ಸವರಿ ಎರಡೂ ಬದಿ ಕೆಂಪಗೆ ಕಾಯಿಸಿದರೆ, ಅಂಚಿನ ಬೆಲ್ಲ ಗರಿಗರಿಯಾಗಿ ಹಲ್ಲಿಗೆ ಸಿಗುತ್ತದೆ. ಬೆಂಕಿಪೆಟ್ಟಿಗೆಯ ಕಡ್ಡಿಗೂ ಲೆಕ್ಕವಿಡುತ್ತಿದ್ದ ಅಜ್ಜಿ, ಗಟ್ಟಿಯ ವಿಷಯದಲ್ಲಿ ಮಾತ್ರ ಪ್ರತಿ ಸಲವೂ ನಾಲ್ಕೈದು ಹೆಚ್ಚು ಬೇಯಿಸಿ, “ಅಯ್ಯೋ, ಜಾಸ್ತಿಯಾಯ್ತಲ್ಲ!” ಎಂದು ನಮ್ಮೆದುರು ಪೇಚಾಡುತ್ತಿದ್ದರು.