ರಥಬೀದಿಯಲ್ಲಿ ಒಲೆ ಉರಿಯುತ್ತಿದ್ದ ಕಾಲ

ಹಂಪಿಯ ರಥಬೀದಿ ಈಗ ಬಹಳ ಚೊಕ್ಕಟವಾಗಿದೆ. ವಿರೂಪಾಕ್ಷನ ಗೋಪುರಕ್ಕೆ ಬೆನ್ನು ಮಾಡಿ ನಿಂತರೆ ಮುಕ್ಕಾಲು ಕಿಲೋಮೀಟರು ದೂರದ ಎದುರು ಬಸವಣ್ಣನವರೆಗೆ ಕಣ್ಣಿಗೆ ಯಾವ ಅಡ್ಡಿಯೂ ಇಲ್ಲ. ಎರಡೂ ಬದಿಗೆ ಸಾಲು ಮಂಟಪದ ಕಂಬಗಳು, ನಡುವೆ ಬರಿ ಮಣ್ಣು, ಮೇಲೆ ಬಳ್ಳಾರಿ ಸೀಮೆಯ ಬಿಸಿಲು. ಫೋಟೊ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ನನಗೆ ಮಾತ್ರ ಅಲ್ಲಿ ನಿಂತಾಗಲೆಲ್ಲ ಹಸಿವಾಗುತ್ತದೆ.

ಯಾಕೆಂದರೆ ಆ ಬೀದಿ ನನಗೆ ಮೊದಲು ಪರಿಚಯವಾದದ್ದು ಮಿರ್ಚಿಯ ವಾಸನೆಯಿಂದ. ತೊಂಬತ್ತರ ದಶಕದಲ್ಲಿ ಹೊಸಪೇಟೆಯಿಂದ ಬರುವ ಕೆಂಪು ಬಸ್ಸು ಬಜಾರದ ಬಾಯಿಗೇ ತಂದು ಇಳಿಸುತ್ತಿತ್ತು. ಇಳಿದ ಕೂಡಲೇ ಬಾಣಲೆಯ ಚುರ್ ಸದ್ದು, ಒಗ್ಗರಣೆ ಮಂಡಕ್ಕಿ, ಸಕ್ಕರೆ ಜಾಸ್ತಿಯ ಚಹಾ. ಮಂಟಪದ ಎರಡೆರಡು ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ, ಅದಕ್ಕೆ ನೀಲಿ ಸುಣ್ಣ ಹೊಡೆದು, ಮುಂದೆ ಅಂಗಡಿ, ಹಿಂದೆ ಸಂಸಾರ. ನಾವು ಕೂತು ತಿನ್ನುತ್ತಿದ್ದ ಒಂದು ಅಂಗಡಿಯಲ್ಲಿ ಕಲ್ಲಿನ ಕಂಬಕ್ಕೆ ಮೊಳೆ ಇಳಿಯದ್ದರಿಂದ ಸುತ್ತಲೂ ಹುರಿಹಗ್ಗ ಬಿಗಿದು ಅದಕ್ಕೆ ಕ್ಯಾಲೆಂಡರ್, ಬಾಚಣಿಗೆ, ಮಗುವಿನ ಸ್ಲೇಟು ತೂಗುಹಾಕಿದ್ದರು. ತಲೆಯ ಮೇಲಿನ ಚಪ್ಪಡಿ ಹೊಗೆ ಕುಡಿದು ಕುಡಿದು ಇದ್ದಿಲಿನಂತಾಗಿತ್ತು. ಪಕ್ಕದಲ್ಲಿ ಪುಸ್ತಕದಂಗಡಿ, ಆಚೆ ಸೈಕಲ್ ಬಾಡಿಗೆ, ಕನ್ನಡಿ ಹಚ್ಚಿದ ಬಟ್ಟೆ ಹರವಿ ಕೂತ ಲಂಬಾಣಿ ಹೆಂಗಸರು, ಹೀಬ್ರೂ ಅಕ್ಷರದಲ್ಲಿ ಬರೆಸಿದ ಹೋಟೆಲ್ ಬೋರ್ಡು. ಗದ್ದಲವೆಂದರೆ ಗದ್ದಲ.

ಇದೆಲ್ಲ ಪ್ರವಾಸಿಗರು ಬಂದಮೇಲೆ ಹುಟ್ಟಿಕೊಂಡ ಅತಿಕ್ರಮಣ ಎನ್ನುವ ಮಾತಿದೆ. ಅದರಲ್ಲಿ ಅರ್ಧ ನಿಜ. ಇನ್ನರ್ಧಕ್ಕೆ ಡೊಮಿಂಗೊ ಪಾಯೆಸ್‌ನನ್ನು ಕೇಳಬೇಕು. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಆ ಪೋರ್ಚುಗೀಸನು ಇದೇ ಗುಡಿಯ ಪೂರ್ವದ ಬಾಗಿಲೆದುರಿನ ಬೀದಿಯನ್ನು ವರ್ಣಿಸಿದ್ದಾನೆ. ಮೊಗಸಾಲೆಗಳಿರುವ ಚೆಂದದ ಮನೆಗಳು, ಅವುಗಳಲ್ಲಿ ಯಾತ್ರಿಕರ ಬಿಡಾರ, ದೊಡ್ಡವರು ಇಳಿದುಕೊಳ್ಳಲು ಬೇರೆ ಮನೆಗಳು, ಅದೇ ಬೀದಿಯಲ್ಲಿ ರಾಜನಿಗೂ ಒಂದು ಅರಮನೆ. ಅಂದರೆ ಈ ಮಂಟಪಗಳನ್ನು ಕಟ್ಟಿದ್ದೇ ಜನ ಮಲಗಲಿ, ಉಣ್ಣಲಿ, ವ್ಯಾಪಾರ ಮಾಡಲಿ ಎಂದು. 1565ರ ಯುದ್ಧದ ನಂತರ ಪಟ್ಟಣ ಹಾಳು ಬಿತ್ತು. ವಿರೂಪಾಕ್ಷನ ಪೂಜೆ ಮಾತ್ರ ನಿಲ್ಲಲಿಲ್ಲ ಎಂಬುದು ಹಂಪಿಯವರ ಹೆಮ್ಮೆ. ಪೂಜೆ ಇದ್ದಲ್ಲಿ ಹೂವು ಕಾಯಿ ಮಾರುವವರು ಇರಲೇಬೇಕಲ್ಲ.

2011ರ ಜುಲೈ ಕೊನೆಗೆ ಜೆಸಿಬಿಗಳು ಬಂದವು. ಮಂಟಪಗಳಲ್ಲಿ ಸಂಸಾರ ಹೂಡಿದ್ದವರಿಗೆ ಸಾಮಾನು ಹೊರಹಾಕಲು ಸಿಕ್ಕ ಸಮಯ ಬಹಳ ಕಡಿಮೆ. ಇಟ್ಟಿಗೆ ಗೋಡೆ, ತಗಡು, ನೀಲಿ ಸುಣ್ಣ ಎಲ್ಲ ನೆಲಕ್ಕೆ ಬಿತ್ತು, ಕಂಬಗಳು ಉಳಿದವು. ನೂರಾರು ಕುಟುಂಬಗಳಿಗೆ ಕೆಲವು ಕಿಲೋಮೀಟರು ಆಚೆ, ಕಡ್ಡಿರಾಂಪುರದಲ್ಲಿ ಜಾಗ ತೋರಿಸಲಾಯಿತು. ಪರಿಹಾರ, ಪಟ್ಟಾ, ಕೋರ್ಟು ಎಂದು ಮುಂದೆ ಎಳೆದಾಡಿದ ಕತೆ ಉದ್ದವಿದೆ. ಅದು ಇಲ್ಲಿ ಬೇಡ.

ಪುರಾತತ್ವದವರ ವಾದ ಟೊಳ್ಳೆಂದು ನಾನು ಹೇಳುವುದಿಲ್ಲ. ಕೊನೆಕೊನೆಗೆ ಮಂಟಪಗಳ ಮೇಲೆ ಸಿಮೆಂಟಿನ ಕೋಣೆಗಳೇ ಎದ್ದಿದ್ದವು. ಹದಿನಾರನೇ ಶತಮಾನದ ಚಪ್ಪಡಿ ಸಿಂಟೆಕ್ಸ್ ಟ್ಯಾಂಕಿನ ಭಾರ ಎಷ್ಟು ದಿನ ಹೊತ್ತೀತು? ಬಚ್ಚಲ ನೀರು ಎಲ್ಲಿಗೆ ಹೋಗಬೇಕು? ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಹೊಳೆಗೆ ಸೇತುವೆ ಕಟ್ಟಲು ಹೊರಟ ಕಾರಣಕ್ಕೆ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲೂ ಇತ್ತು. ಆ ಭಯ ಅಧಿಕಾರಿಗಳಿಗೆ ಇದ್ದೇ ಇತ್ತು. ಸಿಮೆಂಟು ತೆಗೆಯಬೇಕಿತ್ತು, ಒಪ್ಪೋಣ. ಆದರೆ ಬಾಣಲೆಯನ್ನೂ ಕ್ಯಾಲೆಂಡರನ್ನೂ ಅದರ ಜೊತೆಗೇ ತೆಗೆದದ್ದು ಯಾವ ನ್ಯಾಯ? ವ್ಯಾಪಾರಿಯಿಲ್ಲದ ಬಜಾರನ್ನು ಬಜಾರೆಂದು ಫಲಕ ಹಾಕಿ ತೋರಿಸುವುದು ನನಗಂತೂ ಇರುಸುಮುರುಸು.

ಹಂಪಿಯೊಂದರ ಹಣೆಬರಹವೂ ಅಲ್ಲ ಇದು. ಜೋರ್ಡಾನಿನ ಪೆಟ್ರಾದಲ್ಲಿ ಕೆಂಪು ಬಂಡೆಯ ಗುಹೆಗಳಲ್ಲಿ ಬ್ದೂಲ್ ಎಂಬ ಬೆದೂಯಿನ್ ಕುಲದವರು ವಾಸವಿದ್ದರು. ಪೆಟ್ರಾ ವಿಶ್ವ ಪರಂಪರೆಯಾದದ್ದು 1985ರಲ್ಲಿ. ಅದೇ ವರ್ಷ ಅವರನ್ನು ಉಮ್ ಸೈಹೂನ್ ಎಂಬ ಹೊಸ ಊರಿಗೆ ಕಳಿಸಲಾಯಿತು. ಕಾಂಬೋಡಿಯದ ಅಂಗ್ಕೋರಿನಿಂದ 2022ರಿಂದೀಚೆಗೆ ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿವೆ. ನಮ್ಮ ಐಹೊಳೆಯ ಹೆಸರಾಂತ ಚಾಲುಕ್ಯ ಗುಡಿಗೆ ಲಾಡಖಾನ್ ಗುಡಿ ಎನ್ನುವುದು ಯಾಕೆ? ಹಿಂದೊಮ್ಮೆ ಅದರೊಳಗೆ ಮನೆ ಮಾಡಿಕೊಂಡಿದ್ದವನ ಹೆಸರು ಅದು. ಗುಡಿ ಕಟ್ಟಿಸಿದವನ ಹೆಸರು ಜನರ ಬಾಯಲ್ಲಿ ನಿಲ್ಲಲಿಲ್ಲ, ಬಿಡಾರ ಹೂಡಿದವನದು ನಿಂತಿತು.

ಕಡ್ಡಿರಾಂಪುರದ ದಾರಿಯಲ್ಲಿ ಎಳನೀರು ಮಾರುತ್ತಿದ್ದ ಹೆಂಗಸೊಬ್ಬರನ್ನು ಮಾತಾಡಿಸಿದೆ. ಬಜಾರದಲ್ಲೇ ಹುಟ್ಟಿ ಬೆಳೆದವರು. ಯಾವ ಜಾಗದಲ್ಲಿ ಮನೆ ಇತ್ತು ಎಂದು ಕೇಳಿದ್ದಕ್ಕೆ, "ಬಸವಣ್ಣನ ಕಡಿಯಿಂದ ಬಂದ್ರ ಎಡಕ್ಕ ರೀ. ಆ ಮೂಲಿಯಾಗ ನಮ್ಮವ್ವನ ಒಲಿ ಇತ್ತು. ಈಗ ಹೋಗಿ ಅಲ್ಲಿ ಕುಂತ್ರ ವಾಚ್‌ಮನ್ ಎಬ್ಬಿಸ್ತಾನ" ಎಂದರು. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದರು. ಹೊಸ ಮನೆಯಲ್ಲಿ ನಲ್ಲಿ ಇದೆ, ಪಾಯಿಖಾನೆ ಇದೆ, ಅದು ಚೆನ್ನಾಗಿದೆ ಎಂದೂ ಸೇರಿಸಿದರು. ಆದರೆ ಗಿರಾಕಿ ಇಲ್ಲ. ಬಸ್ಸಿಳಿದವರು ಗೋಪುರ ನೋಡಲು ಹೋಗುತ್ತಾರೆ, ಕಡ್ಡಿರಾಂಪುರಕ್ಕೆ ಯಾರು ಬಂದಾರು?

2024ರ ಮೇ ತಿಂಗಳಲ್ಲಿ ಜೋರು ಮಳೆಗೆ ಇದೇ ರಥಬೀದಿಯ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಮಾಳಿಗೆ ಸೋರುವುದು, ಕಂಬ ವಾಲುವುದು ಮೊದಲು ಗೊತ್ತಾಗುವುದು ಅದರಡಿ ಮಲಗುವವನಿಗೆ ಎಂಬಷ್ಟು ಮಾತ್ರ ಬಲ್ಲೆ.

ಹಂಪಿಯಲ್ಲಿ ಜನ ಮುಟ್ಟಿ ಬಳಸುವ ಕಲ್ಲು ದಿನದಿನಕ್ಕೆ ಕಡಿಮೆಯಾಗುತ್ತಿದೆ. ವಿಜಯವಿಠ್ಠಲ ಗುಡಿಯಲ್ಲಿ ಗೈಡುಗಳು ಬೆರಳಿನಿಂದ ತಟ್ಟಿ ಸ್ವರ ಹೊರಡಿಸುತ್ತಿದ್ದ ಕಂಬಗಳ ಹತ್ತಿರ ಈಗ ಯಾರನ್ನೂ ಬಿಡುವುದಿಲ್ಲ. ತಟ್ಟಿ ತಟ್ಟಿ ಅವು ಸವೆದಿದ್ದವು, ಬಿಡದಿರುವುದೇ ಸರಿ. ಕಲ್ಲಿನ ರಥಕ್ಕೂ ಬೇಲಿ ಬಂದಿದೆ. ಬಡವಿಲಿಂಗದ ಗುಡಿಯೊಂದು ಕಣ್ಣಿಗೆ ಕಟ್ಟಿದಂತಿದೆ. ಬೆನ್ನು ಪೂರಾ ಬಾಗಿದ ವೃದ್ಧ ಅರ್ಚಕರು ಕಾಲುವೆಯ ನೀರಿನಲ್ಲಿ ನಡೆದು ಹೋಗಿ, ತಮ್ಮಿಬ್ಬರಷ್ಟೆತ್ತರದ ಲಿಂಗವನ್ನು ಹತ್ತಿ, ನಿನ್ನೆಯ ಹೂವು ತೆಗೆದು ವಿಭೂತಿ ಹಚ್ಚಿ ಇಳಿಯುತ್ತಿದ್ದರು. ಲಿಂಗದ ಮೇಲೆ ಕಾಲಿಡುವುದು ಸರಿಯೇ ಎಂದು ಯಾರೂ ಕೇಳಲಿಲ್ಲ. ಅವರೀಗಿಲ್ಲ. ಕಾಲುವೆಯ ಕತೆಯೇ ಬೇರೆ: ವಿಜಯನಗರದವರು ತೋಡಿದ ತುರ್ತಾ ಕಾಲುವೆ ಇಂದಿಗೂ ಬಾಳೆತೋಟ, ಗದ್ದೆಗಳಿಗೆ ನೀರುಣಿಸುತ್ತದೆ. ಅದನ್ನು ನೋಡಲು ಟಿಕೆಟ್ ಇಲ್ಲ, ನೋಡುವವರೂ ಇಲ್ಲ. ನನ್ನ ಮಟ್ಟಿಗೆ ಹಂಪಿಯ ಸ್ಮಾರಕಗಳಲ್ಲೆಲ್ಲ ಗಟ್ಟಿಯಾದದ್ದು ಅದೇ.

ರಥಬೀದಿ ಬೀದಿಯಾಗಿರುವುದನ್ನು ನೋಡಬೇಕೆಂದರೆ ಚೈತ್ರ ಮಾಸದ ಜೋಡಿ ರಥೋತ್ಸವಕ್ಕೆ ಹೋಗಿ. ಪಂಪೆಗೂ ವಿರೂಪಾಕ್ಷನಿಗೂ ಲಗ್ನ. ಸುತ್ತಲ ಹಳ್ಳಿಗಳವರು ಟ್ರ್ಯಾಕ್ಟರ್ ಮಾಡಿಕೊಂಡು ಬರುತ್ತಾರೆ, ಬಳೆ, ಬೆಂಡು ಬತ್ತಾಸಿನ ಅಂಗಡಿಗಳು ಏಳುತ್ತವೆ, ತೇರಿಗೆ ಎಸೆದ ಬಾಳೆಹಣ್ಣು ತಲೆಯ ಮೇಲೆ ಬೀಳುತ್ತದೆ. ಮಿರ್ಚಿಯೂ ಸಿಗುತ್ತದೆ. ಇಳಿದುಕೊಳ್ಳಲು ಮಾತ್ರ ಹೊಸಪೇಟೆಯಲ್ಲಿ ಮೊದಲೇ ಲಾಡ್ಜು ಹಿಡಿದಿಡಿ. ಪಾಯೆಸ್ ಕಂಡ ಯಾತ್ರಿಕರಂತೆ ಮಂಟಪದಲ್ಲಿ ಚಾಪೆ ಹಾಸಲು ಈಗ ಬಿಡುವುದಿಲ್ಲ.