ಚಿಕ್ಕಬೆಟ್ಟದ ಮೇಲೊಂದು ಪ್ರಶ್ನೆ

ಶ್ರವಣಬೆಳಗೊಳಕ್ಕೆ ಹೋಗಿ ಬಂದವರು ಗೊಮ್ಮಟನ ಮಾತನ್ನು ಆಡುವುದು ವಾಡಿಕೆ. ನಾನು ಹೇಳಹೊರಟಿರುವುದು ಹತ್ತು ವರ್ಷದ ಹುಡುಗಿಯೊಬ್ಬಳು ಅಲ್ಲಿ ಕೇಳಿದ ಒಂದು ಪ್ರಶ್ನೆಯ ವಿಷಯ. ಅದಕ್ಕೆ ಉತ್ತರ ಹೇಳಲಾರದೆ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತ ಗಳಿಗೆಯನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಬೆಂಗಳೂರಿನಲ್ಲಿರುವ ನನ್ನ ಮಿತ್ರರೊಬ್ಬರು ತಮ್ಮ ಇಬ್ಬರು ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸುತ್ತಿದ್ದಾರೆ. ಇದನ್ನು ಮನೆಪಾಠವೆಂದು ತಿಳಿಯಬಾರದು. ಶಾಲೆ ಮುಗಿದ ಮೇಲೆ ಇನ್ನೊಂದು ಶಾಲೆಯನ್ನು ಮಗುವಿನ ತಲೆಯ ಮೇಲೆ ಹೇರುವುದು ಮನೆಪಾಠ. ಇದಾದರೋ ಶಾಲೆಯೇ ಇಲ್ಲದ ಕಲಿಕೆ. ಕಮ್ಮಾರನ ಎದುರಿಗೆ ಕುಲುಮೆಯೇ ಬೇಡವೆಂದಂತೆ, ಕಾಲೇಜಿನ ಅಧ್ಯಾಪಕನಾದ ನನಗೆ ಈ ಏರ್ಪಾಡು ಅಷ್ಟಾಗಿ ಹಿಡಿಸಿರಲಿಲ್ಲ. 2024ರ ಡಿಸೆಂಬರಿನಲ್ಲಿ ಅವರು, “ಶ್ರವಣಬೆಳಗೊಳಕ್ಕೆ ಹೊರಟಿದ್ದೇವೆ. ಹಳಗನ್ನಡ ಬಲ್ಲವರು ಜೊತೆಗಿದ್ದರೆ ಮಕ್ಕಳಿಗೆ ಅನುಕೂಲ. ನೀವೂ ಬನ್ನಿ” ಎಂದು ಕರೆದಾಗ, ಪರೀಕ್ಷಕನ ಮನಸ್ಸನ್ನು ಹೊತ್ತುಕೊಂಡೇ ಹೊರಟೆನು.

ಬೆಂಗಳೂರಿಗೂ ಹಾಸನಕ್ಕೂ ನೇರ ರೈಲುಮಾರ್ಗ 2017ರಲ್ಲಿ ತೆರೆದ ಮೇಲೆ ಈ ಯಾತ್ರೆ ಸುಲಭವಾಗಿದೆ. ಕುಣಿಗಲ್ ಕಳೆದು ತೆಂಗಿನ ತೋಟಗಳನ್ನು ನೋಡುತ್ತ ಹೋದರೆ ಬೆಳಗೊಳದ ನಿಲ್ದಾಣ. ಊರಿಗೆ ಹೆಸರನ್ನು ಕೊಟ್ಟ ಬಿಳಿಯ ಕೊಳ ನಡುವೆ. ಅದರ ಒಂದು ಕಡೆ ದೊಡ್ಡಬೆಟ್ಟ, ಇನ್ನೊಂದು ಕಡೆ ಚಿಕ್ಕಬೆಟ್ಟ.

ಮೊದಲು ದೊಡ್ಡಬೆಟ್ಟವನ್ನು ಹತ್ತಿದೆವು. ತಂದೆಯೂ ಮಗನೂ ಮೆಟ್ಟಿಲುಗಳನ್ನು ಎಣಿಸುತ್ತ ಬಂದರು. ತುದಿ ಮುಟ್ಟಿದಾಗ ಇಬ್ಬರ ಲೆಕ್ಕವೂ ಬೇರೆ ಬೇರೆ. ಇಳಿಯುವಾಗ ಮತ್ತೆ ಎಣಿಸತಕ್ಕದ್ದೆಂದು ತೀರ್ಮಾನವಾಯಿತು. ನಾನು ಗೊಮ್ಮಟನ ಮುಂದೆ ನಿಂತು ತರಗತಿಯ ಧಾಟಿಯಲ್ಲಿಯೇ ಆರಂಭಿಸಿದೆನು: ಗಂಗರ ಮಂತ್ರಿ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ ಮೂರ್ತಿ, ಎತ್ತರ ಸುಮಾರು 58 ಅಡಿ, ಉತ್ತರಾಭಿಮುಖ, ಬೆಟ್ಟದ ನೆತ್ತಿಯಲ್ಲಿದ್ದ ಬಂಡೆಯನ್ನೇ ಕಡೆದು ನಿಲ್ಲಿಸಿದ್ದು.

ಏಳು ವರ್ಷದ ಹುಡುಗ ಎಲ್ಲವನ್ನೂ ಕೇಳಿಸಿಕೊಂಡು, “ಮಾಮ, ಕಡೆದು ತೆಗೆದ ಕಲ್ಲೆಲ್ಲಾ ಎಲ್ಲಿಗೆ ಹೋಯ್ತು?” ಎಂದನು.

ನಾನು ನಕ್ಕುಬಿಟ್ಟೆನು. ಅವನ ತಾಯಿ ನಗಲಿಲ್ಲ. ಹೌದಲ್ಲವೆ ಎಂಬಂತೆ ಒಂದು ಗಳಿಗೆ ನಿಂತು, ಸುತ್ತಣ ಗೋಡೆಗಳ ಕಲ್ಲನ್ನು ಮುಟ್ಟಿ, ಮೂರ್ತಿಯ ಕಲ್ಲಿನೊಡನೆ ಹೋಲಿಸಿ ನೋಡತೊಡಗಿದರು. ಉತ್ತರ ಸಿಕ್ಕಲಿಲ್ಲ. ಹುಡುಗಿ ತನ್ನ ಪುಸ್ತಕದಲ್ಲಿ ಪ್ರಶ್ನೆಯನ್ನು ಬರೆದುಕೊಂಡಳು.

ಮಧ್ಯಾಹ್ನ ಚಿಕ್ಕಬೆಟ್ಟಕ್ಕೆ ಹೋದೆವು. ಇಲ್ಲಿ ಜನಸಂದಣಿ ಕಡಿಮೆ. ಬಸದಿಗಳ ನಡುವೆ ಗಾಳಿಯ ಸದ್ದು ಹೆಚ್ಚು. ಬೆಳಗೊಳ ಮತ್ತು ಅದರ ಸುತ್ತಮುತ್ತ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಬಿ. ಎಲ್. ರೈಸ್ ಅವರು 1889ರಲ್ಲಿ ಇವುಗಳ ಸಂಗ್ರಹವನ್ನು ಮೊದಲು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ಅದನ್ನು ವಿಸ್ತರಿಸಿ 1923ರಲ್ಲಿ ಹೊರತಂದರು. ಅತ್ಯಂತ ಪ್ರಾಚೀನವಾದವು ಈ ಬೆಟ್ಟದ ಬಂಡೆಯ ಮೇಲೆಯೇ ಇವೆ. ಬಹಳಷ್ಟು, ಅನ್ನನೀರು ತೊರೆದು ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿಗಾಗಿ ಕೆತ್ತಿದವು. ನಂದಿಸೇನನೆಂಬ ಮುನಿಯ ಶಾಸನ ಅವುಗಳಲ್ಲಿ ಒಂದು. ಕಾಲ ಸುಮಾರು ಕ್ರಿ.ಶ. 700. ಐಹಿಕ ಸಂಪತ್ತು ಕಾಮನಬಿಲ್ಲಿನಂತೆ, ಮಿಂಚಿನಂತೆ ಕ್ಷಣಿಕವೆಂದು ಹೇಳುವ ಆ ಪದ್ಯವನ್ನು ಹತ್ತು ವರ್ಷಗಳಿಂದ ನಾನು ಪಾಠಮಾಡುತ್ತ ಬಂದಿದ್ದೇನೆ. ಅದನ್ನೇ ಮಕ್ಕಳಿಗೆ ರಾಗವಾಗಿ ಹೇಳಿ ತೋರಿಸಿದೆನು. ಹುಡುಗಿಯ ಕಣ್ಣು ಅರಳಿತು.

“ಎಲ್ಲಿದೆ ಮಾಮ ಅದು? ತೋರಿಸಿ.”

ನಾನು ಬಂಡೆಯನ್ನು ನೋಡಿದೆನು. ಕಬ್ಬಿಣದ ಕಂಬಿ, ಗಾಜುಗಳ ರಕ್ಷಣೆಯಲ್ಲಿ ಸಾಲುಸಾಲು ಅಕ್ಷರಗಳು. ಅವುಗಳಲ್ಲಿ ನಂದಿಸೇನನವು ಯಾವುವು? ಅಚ್ಚಿನಲ್ಲಿ ಕಂಠಸ್ಥವಾಗಿದ್ದ ಪದ್ಯ ಕಲ್ಲಿನಲ್ಲಿ ನನಗೆ ಅಪರಿಚಿತವಾಗಿತ್ತು. “ಇಲ್ಲೇ ಎಲ್ಲಿಯೋ ಇರಬೇಕಮ್ಮ” ಎಂದೆನು. ಎಂ.ಎ. ಪದವಿ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ.

ಅವರಾರೂ ನನ್ನನ್ನು ಹಂಗಿಸಲಿಲ್ಲ. ನಾಲ್ವರೂ ಬಂಡೆಯ ಮುಂದೆ ಮಂಡಿಯೂರಿದರು. ಮಿತ್ರರು ಹಳೆಯ ಲಿಪಿಯ ಅಕ್ಷರಪಟ್ಟಿಯೊಂದನ್ನು ತಂದಿದ್ದರು. ಕಮಾನಿನಂತಿರುವುದು ‘ಗ’ ಎಂದು ಗುರುತಿಸಲು ಅರ್ಧ ಗಂಟೆ ಹಿಡಿಯಿತು. ಆ ಬಳಿಕ ಹುಡುಗ ಕಂಡ ಕಂಡಲ್ಲೆಲ್ಲ ‘ಗ’ ಹುಡುಕುತ್ತ ಓಡಾಡಿದನು. ಇಂಜಿನಿಯರಾದ ತಂದೆ, ಗೃಹಕೃತ್ಯದ ಜೊತೆಗೆ ಮಕ್ಕಳ ಪಾಠವನ್ನೂ ವಹಿಸಿಕೊಂಡ ತಾಯಿ, ಇಬ್ಬರೂ ತಮ್ಮ ಮಕ್ಕಳಷ್ಟೇ ಉತ್ಸಾಹದಿಂದ ಬೆರಳಲ್ಲಿ ಗಾಳಿಯ ಮೇಲೆ ಅಕ್ಷರ ತಿದ್ದುತ್ತಿದ್ದರು. ನಂದಿಸೇನನು ಮಾತ್ರ ಸಿಕ್ಕಲಿಲ್ಲ.

ಸಂಜೆ ಕೊಳದ ದಂಡೆಯಲ್ಲಿ ಕುಳಿತಾಗ ಮಿತ್ರರು ಹೇಳಿದರು: “ಇವರನ್ನು ಶಾಲೆಗೆ ಹಾಕಿದ್ದರೆ, ನಾಳೆ ನಿಮ್ಮ ಟೀಚರನ್ನು ಕೇಳು ಎಂದುಬಿಡುತ್ತಿದ್ದೆ. ಈಗ ಆ ದಾರಿ ಇಲ್ಲ. ಕೇಳಿದ ಪ್ರಶ್ನೆ ಮನೆಯಲ್ಲಿಯೇ ಉಳಿಯುತ್ತದೆ. ಅದಕ್ಕೋಸ್ಕರ ನಾನೂ ಓದಬೇಕು, ಇವಳೂ ಓದಬೇಕು.”

ಈ ಮಾತು ನನಗೆ ನಾಟಿತು. ಮಕ್ಕಳಿಗೆ ಕುತೂಹಲ ಹುಟ್ಟಿನಿಂದಲೇ ಬರುತ್ತದೆ. ಶಾಲೆಯಲ್ಲಿರುವವರಿಗೂ ಅದಕ್ಕೆ ಕೊರತೆಯಿಲ್ಲ. ಮನೆಯ ಕಲಿಕೆ ಮತ್ತೆ ಚಿಗುರಿಸುವುದು ದೊಡ್ಡವರ ಬತ್ತಿಹೋದ ಕುತೂಹಲವನ್ನು. ರವೀಂದ್ರನಾಥ ಠಾಕೂರರಿಗೂ ಶಾಲೆ ಒಗ್ಗಲಿಲ್ಲ. 1873ರಲ್ಲಿ ತಂದೆ ದೇವೇಂದ್ರನಾಥರು ಬಾಲಕನನ್ನು ಹಿಮಾಲಯದ ಡಾಲ್‌ಹೌಸಿಗೆ ಕರೆದೊಯ್ದು, ಸಂಸ್ಕೃತದ ಜೊತೆಗೆ ನಕ್ಷತ್ರಗಳ ಪರಿಚಯವನ್ನೂ ಮಾಡಿಕೊಟ್ಟರು. ಮಗನಿಗೆ ಆಕಾಶವನ್ನು ತೋರಿಸಬೇಕಾದರೆ ತಂದೆಯೂ ತಲೆಯೆತ್ತಬೇಕು.

ಇದು ಎಲ್ಲರಿಗೂ ಒದಗುವ ಭಾಗ್ಯವೆಂದು ನಾನು ಹೇಳಲಾರೆ. ಒಬ್ಬರ ದುಡಿಮೆಯಲ್ಲಿ ಸಂಸಾರ ಸಾಗಬೇಕು. ಇನ್ನೊಬ್ಬರಿಗೆ ಬಿಡುವೂ ವಿದ್ಯೆಯೂ ಇರಬೇಕು. ಕೂಲಿಗೆ ಹೋಗುವ ತಾಯಿಯ ಮಗುವಿಗೆ ಊರಿನ ಶಾಲೆಯೇ ಲೋಕದ ಬಾಗಿಲು. ಬಿಸಿಯೂಟವೂ ಅಲ್ಲಿಯೇ, ಜೊತೆಗಾರರೂ ಅಲ್ಲಿಯೇ. ಆ ಬಾಗಿಲನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಮಗು ಶಾಲೆಗೆ ಹೋಗುತ್ತಿದೆಯೆಂದು ಮನೆಯವರು ತಮ್ಮ ಬಾಗಿಲನ್ನು ಮುಚ್ಚಿಕೊಳ್ಳಬೇಕೆಂದು ಎಲ್ಲಿ ಬರೆದಿದೆ?

ನನ್ನ ಮಗನು ನಾಲ್ಕನೆಯ ತರಗತಿಯಲ್ಲಿದ್ದಾನೆ. ಅವನು ಏನನ್ನಾದರೂ ಕೇಳಿದಾಗ, “ನಿಮ್ಮ ಮಿಸ್ಸನ್ನು ಕೇಳು” ಎಂದು ಎಷ್ಟು ಸಲ ಹೇಳಿದ್ದೇನೆಯೋ! ಈಚೆಗೆ ಅವನು ಕೇಳುವುದನ್ನೇ ಬಿಟ್ಟಿದ್ದನು. ಬೆಳಗೊಳದಿಂದ ಮರಳಿದ ಮರುದಿನ ಕಾಲೇಜಿನ ಗ್ರಂಥಾಲಯದಿಂದ ಶಾಸನಸಂಪುಟವನ್ನು ತಂದು ಮೇಜಿನ ಮೇಲೆ ಹರಡಿಕೊಂಡೆನು. ಹುಡುಗ ಬಾಗಿಲಲ್ಲಿ ನಿಂತು ನೋಡಿದನು; ಮೆಲ್ಲನೆ ಹತ್ತಿರ ಬಂದನು.

“ಏನಪ್ಪಾ ಹುಡುಕ್ತಿದೀರಿ?”

“ಒಂದು ಪದ್ಯ. ಬೆಟ್ಟದ ಮೇಲೆ ಎಲ್ಲಿದೆಯೋ ನನಗೆ ಗೊತ್ತಿಲ್ಲ ಮಗು.”

ಅಪ್ಪನಿಗೂ ಗೊತ್ತಿಲ್ಲವೆಂಬ ಸಂಗತಿ ಅವನಿಗೆ ಬಹಳ ರುಚಿಸಿದಂತೆ ತೋರಿತು. ಕುರ್ಚಿಯನ್ನು ಎಳೆದುಕೊಂಡು ನನ್ನ ಪಕ್ಕದಲ್ಲಿಯೇ ಕುಳಿತನು.