7 ಕೋಟಿ 30 ಲಕ್ಷಕ್ಕೆ ಒಂದು

ಒಂದು ರೂಪಾಯಿಯ ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಎರಡು ಸಲವೂ 'ಹೆಡ್' ಬೀಳುವ ಸಂಭವ ಎಷ್ಟು? ಪಿಯುಸಿ ಓದುವ ಯಾವ ಹುಡುಗನನ್ನು ಕೇಳಿದರೂ ಪುಸ್ತಕ ತೆರೆಯದೆ ಹೇಳುತ್ತಾನೆ: ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು, ಅಂದರೆ ನಾಲ್ಕಕ್ಕೆ ಒಂದು. ಪಠ್ಯಪುಸ್ತಕದಲ್ಲಿ ಈ ಸೂತ್ರದ ಜೊತೆಗೇ ಒಂದು ಷರತ್ತೂ ಅಚ್ಚಾಗಿರುತ್ತದೆ. ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದರೆ ಮಾತ್ರ ಹೀಗೆ ಗುಣಿಸಬಹುದು ಎಂಬುದೇ ಆ ಷರತ್ತು. ಪರೀಕ್ಷೆಯಲ್ಲಿ ಸೂತ್ರಕ್ಕೆ ಅಂಕವುಂಟು, ಷರತ್ತಿಗಿಲ್ಲ. ಹಾಗಾಗಿ ಅದನ್ನು ನೆನಪಿಡುವವರು ಕಡಿಮೆ. ಇಂಗ್ಲೆಂಡಿನಲ್ಲಿ ಒಬ್ಬ ತಾಯಿ ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದದ್ದರಲ್ಲಿ ಮರೆತುಹೋದ ಈ ಷರತ್ತಿನ ಪಾಲೂ ಇತ್ತು.

ಆಕೆಯ ಹೆಸರು ಸ್ಯಾಲಿ ಕ್ಲಾರ್ಕ್. ವೃತ್ತಿಯಿಂದ ವಕೀಲೆ, ಗಂಡನೂ ವಕೀಲ. 1996ರ ಡಿಸೆಂಬರಿನಲ್ಲಿ ಹನ್ನೊಂದು ವಾರದ ಮೊದಲ ಮಗು ಇದ್ದಕ್ಕಿದ್ದಂತೆ ತೀರಿಕೊಂಡಿತು. ಶ್ವಾಸಕೋಶದ ಸೋಂಕಿನಿಂದಾದ ಸಹಜ ಸಾವು ಎಂದು ವೈದ್ಯರು ಬರೆದುಕೊಟ್ಟರು. 1998ರ ಜನವರಿಯಲ್ಲಿ ಎಂಟು ವಾರದ ಎರಡನೆಯ ಮಗುವೂ ಹಾಗೆಯೇ ಹೋಯಿತು. ಎರಡೂ ಗಂಡು ಮಕ್ಕಳು. ಒಂದು ಸಾವಾದಾಗ ಮರುಗಿದ ವ್ಯವಸ್ಥೆ ಎರಡನೆಯದಕ್ಕೆ ಅನುಮಾನಪಟ್ಟಿತು. ಹಳೆಯ ವರದಿಯನ್ನು ಹೊರತೆಗೆದು ಹೊಸ ಕಣ್ಣಿನಿಂದ ನೋಡಲಾಯಿತು. ಎರಡೂ ಮಕ್ಕಳನ್ನು ಕೊಂದ ಆರೋಪ ಹೊತ್ತು ಆಕೆ 1999ರಲ್ಲಿ ಚೆಸ್ಟರ್ ನಗರದ ನ್ಯಾಯಾಲಯದ ಕಟಕಟೆಯಲ್ಲಿ ನಿಂತರು.

ಅಲ್ಲಿ ತೀರ್ಪು ಹೇಳಬೇಕಾದವರು ಜ್ಯೂರಿಯ ಸದಸ್ಯರು. ಮತದಾರರ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದ ಹನ್ನೆರಡು ಮಂದಿ. ಅಂಗಡಿಯವರು, ಗುಮಾಸ್ತರು, ಗೃಹಿಣಿಯರು ಯಾರು ಬೇಕಾದರೂ ಇರಬಹುದು. ವಾರಗಟ್ಟಲೆ ಅವರ ಮುಂದೆ ವೈದ್ಯರು ಬಂದು ಹೋದರು. ಮಗುವಿನ ಕಣ್ಣು, ಪಕ್ಕೆಲುಬು, ಶ್ವಾಸಕೋಶಗಳಲ್ಲಿ ಕಂಡದ್ದಕ್ಕೆ ಒಬ್ಬೊಬ್ಬ ತಜ್ಞರು ಒಂದೊಂದು ಅರ್ಥ ಹೇಳಿದರು. ದೊಡ್ಡ ದೊಡ್ಡ ಡಾಕ್ಟರುಗಳೇ ಒಪ್ಪದ ವಿಷಯದಲ್ಲಿ ಸಾಮಾನ್ಯ ಮನುಷ್ಯ ಯಾರ ಮಾತನ್ನು ನಂಬಬೇಕು? ಇಂಥ ಗೊಂದಲದ ನಡುವೆ ಎಲ್ಲರಿಗೂ ಅರ್ಥವಾಗುವಂಥ ಒಂದು ಸಂಖ್ಯೆ ಸಿಕ್ಕಿಬಿಟ್ಟರೆ ಮನಸ್ಸು ಅದನ್ನೇ ಹಿಡಿದುಕೊಳ್ಳುತ್ತದೆ.

ಆ ಸಂಖ್ಯೆಯನ್ನು ಕೊಟ್ಟವರು ಸರ್ ರಾಯ್ ಮೆಡೋ. ಮಕ್ಕಳ ವೈದ್ಯರಲ್ಲಿ ಬಹು ದೊಡ್ಡ ಹೆಸರು. ಆರೋಗ್ಯವಂತ ಕೂಸು ಮಲಗಿದಲ್ಲೇ ಸಾಯುವುದು, ಶವಪರೀಕ್ಷೆಯಲ್ಲೂ ಕಾರಣ ಸಿಗದಿರುವುದು, ಇದನ್ನು ಆ ದೇಶದಲ್ಲಿ 'ತೊಟ್ಟಿಲ ಸಾವು' ಎನ್ನುತ್ತಾರೆ. ಸಿಗರೇಟು ಸೇದುವವರಿಲ್ಲದ, ಸಂಪಾದನೆಯಿರುವ, ತಾಯಿಯ ವಯಸ್ಸು 26 ದಾಟಿದ ಕುಟುಂಬದಲ್ಲಿ ಇಂಥ ಸಾವು 8,543 ಮಕ್ಕಳಲ್ಲಿ ಒಂದಕ್ಕೆ ಎಂದು ಒಂದು ಸಮೀಕ್ಷೆ ಅಂದಾಜು ಮಾಡಿತ್ತು. ಒಂದೇ ಮನೆಯಲ್ಲಿ ಎರಡು? 8,543ನ್ನು 8,543ರಿಂದ ಗುಣಿಸಿ. ಉತ್ತರ 7,29,82,849. ಸುಮಾರು 7 ಕೋಟಿ 30 ಲಕ್ಷಕ್ಕೆ ಒಂದು. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 7 ಲಕ್ಷ ಹೆರಿಗೆಯಾಗುವುದರಿಂದ ಇಂಥದು ನೂರು ವರ್ಷಕ್ಕೊಮ್ಮೆ ನಡೆದೀತು ಎಂದರು. ಸಾಲದೆಂಬಂತೆ ಕುದುರೆ ಜೂಜಿನ ಹೋಲಿಕೆಯನ್ನೂ ಕೊಟ್ಟರು. ಗ್ರ್ಯಾಂಡ್ ನ್ಯಾಷನಲ್ ರೇಸಿನಲ್ಲಿ 80ಕ್ಕೆ 1ರ ಕುದುರೆಯ ಮೇಲೆ ನಾಲ್ಕು ವರ್ಷ ಬಾಜಿ ಕಟ್ಟಿ, ನಾಲ್ಕು ವರ್ಷವೂ ಗೆದ್ದಂತೆ ಇದು! ಆ ದೇಶದಲ್ಲಿ ಈ ಹೋಲಿಕೆ ಅರ್ಥವಾಗದವರು ಯಾರೂ ಇರಲಾರರು.

ಹೇಳಿದವರು ಮಕ್ಕಳ ತಜ್ಞರೇ ಹೊರತು ಸಂಖ್ಯಾಶಾಸ್ತ್ರದ ತಜ್ಞರಲ್ಲ ಎಂಬುದು ಆ ಗಳಿಗೆಯಲ್ಲಿ ದೊಡ್ಡ ಸಂಗತಿಯಾಗಲಿಲ್ಲ.

ತಪ್ಪು ಎಲ್ಲಿದೆ ಎಂದು ಮಕ್ಕಳನ್ನು ಸಾಕಿದ ಯಾವ ತಾಯಿಯಾದರೂ ಹೇಳಬಲ್ಲಳು. ಮನೆಯಲ್ಲಿ ಒಬ್ಬ ಮಗನಿಗೆ ಉಬ್ಬಸವಿದ್ದರೆ ಇನ್ನೊಬ್ಬನಿಗೂ ಬರುವ ಸಂಭವ ಹೆಚ್ಚು. ಅದೇ ರಕ್ತ, ಅದೇ ಗಾಳಿ, ಅದೇ ಕೋಣೆ. ನಾಣ್ಯಕ್ಕೆ ಹಿಂದಿನ ಸಲ ಏನು ಬಿತ್ತೆಂಬ ನೆನಪಿಲ್ಲ, ವಂಶಕ್ಕೆ ಹಾಗಲ್ಲ. ಗಂಡು ಕೂಸುಗಳಲ್ಲಿ ತೊಟ್ಟಿಲ ಸಾವು ಹೆಚ್ಚೆಂಬುದೂ ತಿಳಿದ ವಿಷಯವೇ. ಸಂಭವವನ್ನು ತಗ್ಗಿಸುವ ಅಂಶಗಳನ್ನೆಲ್ಲ ಲೆಕ್ಕಕ್ಕೆ ಹಿಡಿದವರು ಹೆಚ್ಚಿಸುವ ಈ ಒಂದನ್ನು ಬಿಟ್ಟರು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಅದು ಹೇಳಿದವರಿಗಿಂತ ಕೇಳಿದವರ ತಲೆಯಲ್ಲಿ ಹುಟ್ಟುವಂಥದು. 'ಎರಡು ಸಹಜ ಸಾವು ಸಂಭವಿಸುವುದು 7 ಕೋಟಿಗೆ ಒಂದು' ಎಂಬ ಮಾತು ಕಿವಿಗೆ ಬೀಳುವಾಗ 'ಈಕೆ ನಿರಪರಾಧಿಯಾಗಿರುವ ಸಂಭವ 7 ಕೋಟಿಗೆ ಒಂದು' ಎಂದಾಗಿಬಿಡುತ್ತದೆ. ಇವೆರಡೂ ಒಂದೇ ಅಲ್ಲ. ಒಂದು ಕಾಲಕ್ಕೆ ನಮ್ಮ ಬಸ್ ನಿಲ್ದಾಣಗಳಲ್ಲಿ ಲಾಟರಿ ಟಿಕೆಟ್ ಮಾರುತ್ತಿದ್ದರಲ್ಲ, ಬಂಪರ್ ಬಹುಮಾನ ಬರುವ ಸಂಭವ ಲಕ್ಷಾಂತರಕ್ಕೆ ಒಂದು. ಆದರೂ ಯಾರಿಗೋ ಒಬ್ಬರಿಗೆ ಬಂದೇ ಬರುತ್ತಿತ್ತು. 'ಇಷ್ಟು ಅಪರೂಪದ್ದು ನಿನಗೆ ಬಂತೆಂದರೆ ನೀನು ಮೋಸ ಮಾಡಿರಲೇಬೇಕು' ಎಂದು ಅವನನ್ನು ಯಾರೂ ಠಾಣೆಗೆ ಎಳೆಯಲಿಲ್ಲ. ಒಬ್ಬ ತಾಯಿ ತನ್ನ ಎರಡು ಕೂಸುಗಳನ್ನು ಕೊಲ್ಲುವುದೂ ಅತ್ಯಂತ ಅಪರೂಪವೇ. ಹೋಲಿಸಬೇಕಾದದ್ದು ಈ ಎರಡು ಅಪರೂಪಗಳನ್ನು. ಸಾಲ್ಫರ್ಡ್ ವಿಶ್ವವಿದ್ಯಾಲಯದ ಗಣಿತಜ್ಞ ರೇ ಹಿಲ್ ಆಮೇಲೆ ಹಾಗೆ ಹೋಲಿಸಿ ನೋಡಿದರು. ಅವರ ಅಂದಾಜಿನಲ್ಲಿ ಒಂದು ಜೋಡಿ ಕೊಲೆಗೆ ಎದುರಾಗಿ ಸುಮಾರು ಒಂಬತ್ತು ಜೋಡಿ ತೊಟ್ಟಿಲ ಸಾವುಗಳಿದ್ದವು. 7 ಕೋಟಿ ಎಲ್ಲಿ, ಇದೆಲ್ಲಿ!

ಈ ಗೊಂದಲ ಹೊಸದೇನಲ್ಲ. ಅಮೆರಿಕದ ವಿಲಿಯಂ ಥಾಂಪ್ಸನ್ ಮತ್ತು ಎಡ್ವರ್ಡ್ ಶೂಮನ್ 1987ರಲ್ಲೇ ಇದಕ್ಕೆ 'ಪ್ರಾಸಿಕ್ಯೂಟರನ ತರ್ಕದೋಷ' ಎಂದು ಹೆಸರಿಟ್ಟಿದ್ದರು. ಅವರು ಪರೀಕ್ಷಿಸಿದ್ದು ಕಾಲೇಜು ವಿದ್ಯಾರ್ಥಿಗಳನ್ನು. ಸ್ಥಳದಲ್ಲಿ ಸಿಕ್ಕ ಕೂದಲು ಆರೋಪಿಯ ಕೂದಲಿಗೆ ಹೋಲುತ್ತದೆ, ಅಂಥ ಕೂದಲು ನೂರರಲ್ಲಿ ಇಬ್ಬರಿಗಿದೆ, ಇದಿಷ್ಟು ಕಥೆ. 'ಆಕಸ್ಮಿಕವಾಗಿ ಹೋಲುವ ಸಂಭವ ಶೇಕಡ 2 ಮಾತ್ರ' ಎಂದಾಗ ಅಪರಾಧಿ ಎನ್ನುವತ್ತ ಮನಸ್ಸು ವಾಲಿತು. 'ಹತ್ತು ಲಕ್ಷ ಜನರ ಊರಿನಲ್ಲಿ ಇಂಥ ಕೂದಲು 20 ಸಾವಿರ ಮಂದಿಗಿದೆ' ಎಂದಾಗ ಅಷ್ಟು ವಾಲಲಿಲ್ಲ. ಲೆಕ್ಕ ಒಂದೇ, ಬದಲಾದದ್ದು ಹೇಳುವ ರೀತಿ.

ಹಾಗಾದರೆ ನ್ಯಾಯಾಧೀಶರು? ಇಲ್ಲೊಂದು ವಿಪರ್ಯಾಸವಿದೆ. 1996ರಲ್ಲಿ ಒಂದು ಡಿಎನ್ಎ ಮೊಕದ್ದಮೆಯಲ್ಲಿ ಆರೋಪಿಯ ವಕೀಲರು ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ತೂಗುವ ಬೇಯ್ಸ್ ಸೂತ್ರವನ್ನು ಜ್ಯೂರಿಗೆ ವಿವರಿಸಿದ್ದರು. ಮೇಲ್ಮನವಿ ನ್ಯಾಯಾಲಯಕ್ಕೆ ಅದು ಹಿಡಿಸಲಿಲ್ಲ. ಜ್ಯೂರಿಯನ್ನು ಇಂಥ ಸಿದ್ಧಾಂತದ ಜಟಿಲತೆಗೆ ನೂಕಬಾರದು, ಅವರು ಲೋಕಜ್ಞಾನದಿಂದ ತೀರ್ಮಾನಿಸಲಿ ಎಂದಿತು. ಉದ್ದೇಶ ಒಳ್ಳೆಯದೇ. ಆದರೆ ಕಷ್ಟದ ಸರಿಯಾದ ಲೆಕ್ಕಕ್ಕೆ ಬಾಗಿಲು ಮುಚ್ಚಿದ ಮೂರು ವರ್ಷಕ್ಕೆ ಸುಲಭದ ತಪ್ಪು ಲೆಕ್ಕ ಅದೇ ದೇಶದ ಕೋರ್ಟಿನೊಳಗೆ ರಾಜಾರೋಷವಾಗಿ ಬಂದು ಕುಳಿತಿತು.

ಚೆಸ್ಟರಿನ ನ್ಯಾಯಾಧೀಶರು ಸುಮ್ಮನಿರಲಿಲ್ಲ. ಅಂಕಿ-ಅಂಶದ ಮೇಲೆ ಯಾರನ್ನೂ ಅಪರಾಧಿ ಎನ್ನುವಂತಿಲ್ಲ ಎಂದು ಜ್ಯೂರಿಯನ್ನು ಎಚ್ಚರಿಸಿದರು. ಆದರೆ ಗುಣಾಕಾರವೇ ತಪ್ಪೆಂದು ಹೇಳಲಿಲ್ಲ. ಕಿವಿಗೆ ಬಿದ್ದದ್ದನ್ನು ಮರೆತುಬಿಡಿ ಎಂದರೆ ಮರೆಯುವ ಮನುಷ್ಯರುಂಟೆ? ಆ ಹನ್ನೆರಡು ಮಂದಿ ಕೋಣೆಯೊಳಗೆ ಏನು ಮಾತಾಡಿಕೊಂಡರೋ, ಹೊರಗೆ ಬಂದು ಹೇಳುವುದಕ್ಕೆ ಕಾನೂನಿನ ಅಡ್ಡಿಯಿದೆ. ಗೊತ್ತಿರುವುದು ಫಲಿತಾಂಶ ಮಾತ್ರ. 1999ರ ನವೆಂಬರಿನಲ್ಲಿ ಹತ್ತು ಮಂದಿ ಅಪರಾಧಿ ಎಂದರು, ಇಬ್ಬರು ಒಪ್ಪಲಿಲ್ಲ. ಜೀವಾವಧಿ ಶಿಕ್ಷೆಯಾಯಿತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಅಂಕಿಯಲ್ಲಿ ದೋಷವಿದ್ದರೂ ಉಳಿದ ಸಾಕ್ಷ್ಯ ಬಲವಾಗಿದೆ ಎಂದು ಅರ್ಜಿ ವಜಾ ಮಾಡಿತು. 2001ರ ಅಕ್ಟೋಬರಿನಲ್ಲಿ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆ ಸಂಖ್ಯೆಗೆ ಸಂಖ್ಯಾಶಾಸ್ತ್ರದ ಆಧಾರವಿಲ್ಲವೆಂದು ಬಹಿರಂಗವಾಗಿ ಸಾರಬೇಕಾಯಿತು.

ಕೊನೆಗೆ ಬಿಡುಗಡೆಗೆ ದಾರಿ ಮಾಡಿದ್ದು ಗಣಿತವಲ್ಲ, ಪ್ರಯೋಗಾಲಯದ ಒಂದು ಕಾಗದ. ಎರಡನೆಯ ಮಗುವಿನ ದೇಹದಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಇತ್ತೆಂದು ತೋರಿಸುವ ಫಲಿತಾಂಶ ಶವಪರೀಕ್ಷೆ ಮಾಡಿದ ವೈದ್ಯರಿಗೆ ಮೊದಲೇ ತಿಳಿದಿತ್ತು, ಕೋರ್ಟಿಗೆ ಬಂದಿರಲಿಲ್ಲ. 2003ರ ಜನವರಿಯಲ್ಲಿ ಶಿಕ್ಷೆ ರದ್ದಾಯಿತು. ಕುದುರೆ ಜೂಜಿನ ಹೋಲಿಕೆ ಜ್ಯೂರಿಯ ಮನಸ್ಸಿನ ಮೇಲೆ ದೊಡ್ಡ ಪರಿಣಾಮ ಮಾಡಿದ್ದಿರಬಹುದು ಎಂದು ನ್ಯಾಯಮೂರ್ತಿಗಳು ಆಗ ಒಪ್ಪಿಕೊಂಡರು. ಮೆಡೋ ಅವರನ್ನು 2005ರಲ್ಲಿ ವೈದ್ಯರ ನೋಂದಣಿಯಿಂದ ತೆಗೆಯಲಾಯಿತು, 2006ರಲ್ಲಿ ಹೈಕೋರ್ಟು ಆ ಕ್ರಮವನ್ನು ರದ್ದುಮಾಡಿತು. ಸ್ಯಾಲಿ ಕ್ಲಾರ್ಕ್ ಮಾತ್ರ ಚೇತರಿಸಿಕೊಳ್ಳಲೇ ಇಲ್ಲ. 2007ರ ಮಾರ್ಚಿನಲ್ಲಿ 42ನೆಯ ವಯಸ್ಸಿಗೆ ತೀರಿಕೊಂಡರು.

ನಮ್ಮ ದೇಶದ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಈಗ ಜ್ಯೂರಿ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ತಜ್ಞರ ಮಾತನ್ನು ಅಳೆಯುವ ಹೊರೆ ಪೂರ್ತಿ ನ್ಯಾಯಾಧೀಶರದು. 1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಮು ತಜ್ಞರ ಅಭಿಪ್ರಾಯಕ್ಕೆ ಅವಕಾಶ ಕೊಟ್ಟಿತ್ತು; 2024ರ ಜುಲೈಯಿಂದ ಆ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮಿದೆ. ಚೆಸ್ಟರಿನ ತೀರ್ಪು ಬಂದ 1999ರಲ್ಲೇ ನಮ್ಮ ಸುಪ್ರೀಂ ಕೋರ್ಟು ಹಿಮಾಚಲ ಪ್ರದೇಶದ ಸೇಬು ಬೆಳೆಗಾರರ ಮೊಕದ್ದಮೆಯೊಂದರಲ್ಲಿ ಒಂದು ಮಾತು ಹೇಳಿತು: ತಜ್ಞ ಬರೀ ತೀರ್ಮಾನ ಹೇಳಿದರೆ ಸಾಲದು, ಅದನ್ನು ಒರೆಗೆ ಹಚ್ಚುವ ವೈಜ್ಞಾನಿಕ ಮಾನದಂಡವನ್ನೂ ಕೊಡಬೇಕು, ಆಗ ನ್ಯಾಯಾಧೀಶ ಸ್ವಂತ ಬುದ್ಧಿಯಿಂದ ನಿರ್ಣಯಕ್ಕೆ ಬರಬಲ್ಲ. ಗಣಿತದ ಮೇಷ್ಟ್ರು 'ಉತ್ತರ ಸಾಲದು, ಹಂತಗಳನ್ನು ಬರಿ' ಎನ್ನುವುದೂ ಇದನ್ನೇ ಅಲ್ಲವೆ?

ಸ್ಯಾಲಿ ಹೊರಬಂದ ಕೆಲವೇ ತಿಂಗಳಿಗೆ, 2003ರ ಜೂನಿನಲ್ಲಿ, ರೆಡಿಂಗ್ ನಗರದ ನ್ಯಾಯಾಲಯದಲ್ಲಿ ಇಂಥದೇ ಇನ್ನೊಂದು ವಿಚಾರಣೆ ಮುಗಿಯಿತು. ಆರೋಪಿ ಭಾರತೀಯ ಮೂಲದ ಔಷಧ ತಜ್ಞೆ. ಕಳೆದುಕೊಂಡದ್ದು ಮೂರು ಕೂಸುಗಳನ್ನು. ಮೆಡೋ ಅಲ್ಲಿಯೂ ಪ್ರಾಸಿಕ್ಯೂಷನ್ ಪರ ಸಾಕ್ಷಿ ನುಡಿದಿದ್ದರು. ಆಮೇಲೆ ಕಟಕಟೆಗೆ ಬಂದವರು ಆಕೆಯ ತಾಯಿಯ ತಾಯಿ, ಭಾರತದಿಂದ ಅದಕ್ಕೆಂದೇ ಬಂದ ಮುದುಕಿ. ತಾನು ಹೆತ್ತದ್ದು ಹನ್ನೆರಡು, ಅದರಲ್ಲಿ ಐದು ಮಕ್ಕಳು ಎಳೆಗೂಸುಗಳಾಗಿದ್ದಾಗಲೇ ಹೋದವು ಎಂದು ಹೇಳಿ ಆಕೆ ಇಳಿದುಹೋದರು. ಜ್ಯೂರಿ ಚರ್ಚೆಗೆ ಎರಡು ಗಂಟೆಯನ್ನೂ ತೆಗೆದುಕೊಳ್ಳಲಿಲ್ಲ. ಮೂರೂ ಆರೋಪಗಳಿಗೆ 'ನಿರ್ದೋಷಿ' ಎಂದಿತು.